ನೋಯಿಸಿದವರಿಗೂ ನೆರವು ನಿಲ್ಲದಿರಲಿ



ತನಗೆ ಬಿದ್ದ ಬೈಗುಳವನ್ನು ಮರೆಯಬಹುದು. ಮಗಳ ಮೇಲಿನ ಅಪವಾದವನ್ನು ಮರೆಯುವುದು ಯಾವ ತಂದೆಗೂ ಸುಲಭವಲ್ಲ. ಹಝ್ರತ್ ಅಬೂಬಕರ್(ರ)ರಿಗೆ ಅಂಥ ನೋವು ಬಂತು. ಮಗಳು ಆಯಿಶಾ(ರ)ರ ಮೇಲೆ ಕಪಟವಿಶ್ವಾಸಿಗಳು ಸುಳ್ಳಾರೋಪ ಹಬ್ಬಿಸಿದರು. ಅದನ್ನು ಆಡಿಕೊಂಡವರಲ್ಲಿ ಮಿಸ್ತಹ್(ರ) ಕೂಡ ಇದ್ದರು. ಅವರು ಬಡ ಮುಹಾಜಿರ್, ಅಬೂಬಕರ್(ರ)ರ ಸಂಬಂಧಿ, ಅವರ ನೆರವಿನಲ್ಲೇ ಬದುಕುತ್ತಿದ್ದವರು.

ಆಯಿಶಾ(ರ) ನಿರಪರಾಧಿಯೆಂದು ಅಲ್ಲಾಹನೇ ಸಾರಿದನು. ಬಳಿಕ ಅಬೂಬಕರ್(ರ), ಇನ್ನು ಮಿಸ್ತಹ್‌ರಿಗೆ ಏನನ್ನೂ ಕೊಡುವುದಿಲ್ಲವೆಂದು ಆಣೆಯಿಟ್ಟರು. ಆಗ ಸೂರಃ ಅನ್ನೂರ್‌ನ 22ನೇ ವಚನ ಅವತೀರ್ಣವಾಯಿತು. ಅನುಕೂಲವಿರುವವರು ಸಂಬಂಧಿಕರಿಗೆ, ಬಡವರಿಗೆ, ಮುಹಾಜಿರರಿಗೆ ಕೊಡುವುದಿಲ್ಲವೆಂದು ಆಣೆ ಹಾಕಬಾರದು, ಕ್ಷಮಿಸಬೇಕು ಎಂದು ಅದು ಕಲಿಸಿತು. ಅಲ್ಲಾಹನ ಕ್ಷಮೆ ನಿಮಗೂ ಬೇಡವೇ ಎಂದು ಕೇಳಿತು. ತನಗೆ ಬೇಕೆಂದು ಅಬೂಬಕರ್(ರ) ಹೇಳಿದರು. ನೆರವನ್ನು ಮತ್ತೆ ಆರಂಭಿಸಿದರು.

ತಪ್ಪು ತಪ್ಪಲ್ಲವೆಂದು ಇದರ ಅರ್ಥವಲ್ಲ. ಅಪವಾದ ಹೊರಿಸಿದವರಿಗೆ 80 ಛಡಿಯೇಟಿನ ಶಿಕ್ಷೆಯನ್ನು ಅದೇ ಸೂರಃ ವಿಧಿಸಿದೆ. ನ್ಯಾಯ ತನ್ನ ದಾರಿಯಲ್ಲಿ ನಡೆಯಲಿ. ನಮ್ಮ ಮುನಿಸು ಬಡವನ ತುತ್ತಿಗೆ ಕೈಹಾಕಬಾರದು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಒಂದು ಮಾತಿಗೆ ತಂಗಿಯ ಮನೆಗೆ ಹೋಗುವುದು ನಿಲ್ಲುತ್ತದೆ, ಅಣ್ಣನ ಮಕ್ಕಳಿಗೆ ಕೊಡುತ್ತಿದ್ದ ಶಾಲೆಯ ಫೀಸು ನಿಲ್ಲುತ್ತದೆ. ಸಹೋದರನೊಂದಿಗೆ ಮೂರು ದಿನಕ್ಕಿಂತ ಹೆಚ್ಚು ಮುನಿಸಿಕೊಂಡಿರುವುದು ಸಲ್ಲದು, ಮೊದಲು ಸಲಾಮ್ ಹೇಳುವವನೇ ಉತ್ತಮನೆಂದು ಪ್ರವಾದಿ(ಸ) ಕಲಿಸಿದ್ದಾರೆ. ಕೋಪದಲ್ಲಿ ನಿಲ್ಲಿಸಿದ ನೆರವೊಂದು ಇದ್ದರೆ, ಮುಂದಿನ ಜುಮಾಕ್ಕೆ ಮುನ್ನ ಅದನ್ನು ಮತ್ತೆ ತಲುಪಿಸಿರಿ.

ಅಲ್ಲಾಹನು ನಮ್ಮೆಲ್ಲರನ್ನೂ ಕ್ಷಮಿಸಲಿ. ಆಮೀನ್.