ನಮ್ಮ ಹೈಸ್ಕೂಲು ಮಕ್ಕಳಿಗೆ ಬಿ.ಪಿ., ಶುಗರ್ ಯಾಕೆ ಬರಬೇಕು?

(ಸ್ವಸಹಾಯ ಸಂಘಗಳ ಮಹಾಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ನನಗೆ ಕೊಟ್ಟಿರುವ ವಿಷಯ ‘ಹದಿಹರೆಯದ ಶಾಲಾ ಮಕ್ಕಳ ಜೀವನಶೈಲಿ ಮತ್ತು ದೀರ್ಘಕಾಲದ ಕಾಯಿಲೆಗಳು’. ಹೆಸರು ದೊಡ್ಡದು. ಬಿಡಿಸಿ ಹೇಳಿದರೆ ಬಿ.ಪಿ., ಶುಗರ್, ಹೃದಯದ ಕಾಯಿಲೆ, ಕ್ಯಾನ್ಸರ್, ಉಬ್ಬಸ, ಇಷ್ಟೇ. ಇವು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗಗಳಲ್ಲ. ಆದರೆ ಒಮ್ಮೆ ಮನೆಯೊಳಗೆ ಬಂದರೆ ಸುಲಭವಾಗಿ ಹೊರಗೆ ಹೋಗುವವೂ ಅಲ್ಲ. ನಿಮ್ಮ ಸಂಘದ ಸಾಲದ ಪುಸ್ತಕ ತೆರೆದು ನೋಡಿ. ಸಾಲದ ಉದ್ದೇಶ ಬರೆಯುವ ಕಡೆ ‘ಆಸ್ಪತ್ರೆ ಖರ್ಚು’ ಅಂತ ಎಷ್ಟು ಸಲ ಬರೆದಿದೆ ಎಣಿಸಿ. ಹಸು ತಗೊಳ್ಳೋಕೆ, ಹೊಲಿಗೆ ಯಂತ್ರಕ್ಕೆ ಅಂತ ಕೂಡಿಟ್ಟ ದುಡ್ಡು ಗಂಡನ ಡಯಾಲಿಸಿಸ್‌ಗೆ, ಅತ್ತೆಯ ಕಾಲಿನ ವಾಸಿಯಾಗದ ಗಾಯಕ್ಕೆ ಹೋಗುತ್ತಿದೆ.

‘ಇವೆಲ್ಲ ದೊಡ್ಡವರ ಕಾಯಿಲೆ ಅಲ್ವಾ ಸಿಸ್ಟರ್, ಮಕ್ಕಳ ವಿಷಯಕ್ಕೆ ಯಾಕೆ ತರ್ತೀರಿ?’ ಅಂತ ಒಬ್ಬ ಸದಸ್ಯೆ ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಯಿಲೆ ಕಾಣಿಸಿಕೊಳ್ಳುವುದು ನಲವತ್ತಕ್ಕೋ ಐವತ್ತಕ್ಕೋ ನಿಜ. ಆದರೆ ಅದು ಶುರುವಾಗುವುದು ಬಹಳ ಮೊದಲು. ವಾರಕ್ಕೆ ಇಪ್ಪತ್ತು ರೂಪಾಯಿ ಉಳಿತಾಯ ಕಟ್ಟಿದರೆ ಐದು ವರ್ಷಕ್ಕೆ ಎಷ್ಟಾಗುತ್ತೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ರಕ್ತನಾಳದ ಒಳಗೆ ಕೊಬ್ಬು ಕೂರುವುದೂ ಹಾಗೆಯೇ, ಸ್ವಲ್ಪ ಸ್ವಲ್ಪವಾಗಿ, ಯಾರಿಗೂ ಕಾಣದ ಹಾಗೆ. ಭಾರತ ಸರ್ಕಾರ 2016ರಿಂದ 2018ರವರೆಗೆ ದೇಶದ ಎಲ್ಲ ರಾಜ್ಯಗಳಲ್ಲಿ ಮಕ್ಕಳ ಪೌಷ್ಟಿಕಾಂಶದ ಸಮೀಕ್ಷೆ ಮಾಡಿತು. 10ರಿಂದ 19 ವರ್ಷದ ನೂರು ಮಕ್ಕಳಲ್ಲಿ ಸುಮಾರು ಹತ್ತು ಮಕ್ಕಳು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದರು. ಐದು ಮಕ್ಕಳಿಗೆ ರಕ್ತದೊತ್ತಡ ಹೆಚ್ಚಿತ್ತು. ಹೈಸ್ಕೂಲಿನ ಒಂದು ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ ಅಂದರೆ, ಲೆಕ್ಕ ನೀವೇ ಹಾಕಿಕೊಳ್ಳಿ.

ಹೊಸ್ತಿಲಲ್ಲಿ ನಿಲ್ಲುವುದು ಅಂದರೆ ಏನು? ನಾವು ತಿಂದ ಅನ್ನ, ಮುದ್ದೆ ಎಲ್ಲ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದನ್ನು ಮಾಂಸಖಂಡದ ಒಳಕ್ಕೆ ಕಳಿಸುವ ಕೆಲಸ ಇನ್ಸುಲಿನ್‌ದು. ಹೊಟ್ಟೆಯ ಸುತ್ತ ಕೊಬ್ಬು ಸೇರಿ, ಮೈಗೆ ಕೆಲಸವೇ ಇಲ್ಲದೆ ಹೋದರೆ ಮಾಂಸಖಂಡ ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ದೇಹ ಇನ್ನೂ ಹೆಚ್ಚು ಇನ್ಸುಲಿನ್ ಮಾಡುತ್ತದೆ. ಹೀಗೆ ವರ್ಷಗಟ್ಟಲೆ ದುಡಿದು ದುಡಿದು ಆ ಗ್ರಂಥಿ ಸೋಲುತ್ತದೆ. ಇದಕ್ಕೆ ಹೊರಗೆ ಕಾಣುವ ಒಂದು ಗುರುತು ಇದೆ. ಕೆಲವು ಮಕ್ಕಳ ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ದಪ್ಪವಾಗಿ, ಮಖಮಲ್ಲಿನ ಹಾಗೆ ಆಗಿರುತ್ತದೆ. ಕೊಳೆ ಅಂತ ತಾಯಂದಿರು ತೆಂಗಿನ ನಾರು ಹಾಕಿ ಉಜ್ಜುತ್ತಾರೆ, ಪಾಪ ಮಗು ಅಳುತ್ತೆ. ಉಜ್ಜಿದರೆ ಹೋಗುವುದಿಲ್ಲ. ಅಂಥ ಗುರುತು ಕಂಡರೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ.

‘ನಮ್ಮ ಹುಡುಗ ಕಡ್ಡಿ ಹಂಗವ್ನೆ, ಅವನಿಗೆಂಥ ಶುಗರ್ರು?’ ಅನ್ನುವವರಿಗೆ ಒಂದು ಮಾತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನ ಮಿಷನ್ ಆಸ್ಪತ್ರೆ ಅಂತಾರಲ್ಲ, ಅಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರೊಳಗೆ ಹುಟ್ಟಿದ 517 ಜನರನ್ನು ವೈದ್ಯರು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಅದರ ಫಲಿತಾಂಶ ಬಂತು. ಎರಡೂವರೆ ಕೆ.ಜಿ. ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ಕಾಯಿಲೆ ಇತ್ತು. ಮೂರು ಕೆ.ಜಿ. ಚೆನ್ನಾಗಿ ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಜನರಿಗೆ ಮಾತ್ರ. ಹೊಟ್ಟೆಯಲ್ಲಿದ್ದಾಗ ಸರಿಯಾಗಿ ಬೆಳೆಯದ ಮಗು ನೋಡಲು ಸಣಕಲಾಗಿದ್ದರೂ ಒಳಗೆ ಕೊಬ್ಬು ಕೂಡಿಡುವುದುಂಟು. ಹಾಗಾಗಿ ಸಣ್ಣಗಿದ್ದ ಮಾತ್ರಕ್ಕೆ ಚಿಂತೆ ಇಲ್ಲ ಅಂತ ಹೇಳಲಾಗದು.

ಇದರಲ್ಲಿ ಹೆಣ್ಣುಮಕ್ಕಳ ವಿಷಯ ಬಹಳ ಮುಖ್ಯ. ನಾನು ಹೇಳಿದ ಅದೇ ಸಮೀಕ್ಷೆಯಲ್ಲಿ ಹದಿಹರೆಯದ ನೂರು ಹುಡುಗಿಯರಲ್ಲಿ ನಲವತ್ತು ಜನರಿಗೆ ರಕ್ತಹೀನತೆ ಇತ್ತು. ಇವತ್ತು ರಕ್ತವಿಲ್ಲದೆ ಸುಸ್ತಾಗಿ ಕೂತಿರುವ ಒಂಬತ್ತನೇ ಕ್ಲಾಸಿನ ಹುಡುಗಿ ನಾಳೆ ತಾಯಿಯಾಗುತ್ತಾಳೆ. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡಿದರಂತೂ ಕಡಿಮೆ ತೂಕದ ಮಗು ಹುಟ್ಟುವ ಅಪಾಯ ಇನ್ನೂ ಹೆಚ್ಚು. ಆ ಮಗು ತನ್ನ ನಲವತ್ತನೇ ವಯಸ್ಸಿನ ಕಾಯಿಲೆಯನ್ನು ಹುಟ್ಟುವಾಗಲೇ ಸ್ವಲ್ಪ ಹೊತ್ತುಕೊಂಡು ಬರುತ್ತದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಾರೆ. ಎಷ್ಟೋ ಮಕ್ಕಳು ‘ಹೊಟ್ಟೆ ತೊಳಸುತ್ತೆ’ ಅಂತ ಬ್ಯಾಗಿನಲ್ಲೇ ಇಟ್ಟುಕೊಂಡು ಬರುತ್ತಾರೆ. ಊಟ ಆದ ಮೇಲೆ ನುಂಗಿದರೆ ತೊಳಸುವುದು ಕಡಿಮೆ. ಇವತ್ತು ಮನೆಗೆ ಹೋಗಿ ಬ್ಯಾಗು ನೋಡಿ.

ಆಟದ ಮಾತು. ಶಾಲಾ ವಯಸ್ಸಿನ ಮಕ್ಕಳು ದಿನಕ್ಕೆ ಒಂದು ಗಂಟೆಯಾದರೂ ಉಸಿರು ಜೋರಾಗುವ ಹಾಗೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ರಪಂಚದಲ್ಲಿ 11ರಿಂದ 17 ವರ್ಷದ ನೂರು ಹುಡುಗಿಯರಲ್ಲಿ 85 ಜನ ಅಷ್ಟು ಓಡಾಡುವುದಿಲ್ಲ ಎಂಬುದು 2016ರ ಲೆಕ್ಕ. ಹುಡುಗರಲ್ಲಿ 78. ನಮ್ಮಲ್ಲಿ ಹುಡುಗಿ ದೊಡ್ಡವಳಾದ ಕೂಡಲೇ ಆಟ ನಿಂತುಹೋಗುತ್ತದೆ. ತಮ್ಮ ಬ್ಯಾಟ್ ಹಿಡಿದು ಹೊರಗೆ ಹೋಗುತ್ತಾನೆ, ಅಕ್ಕ ಕುಂಟೆಬಿಲ್ಲೆ ಆಡಿದರೂ ‘ಏನೇ ಇದು, ಮರ್ಯಾದೆ ಇಲ್ವಾ’ ಅಂತ ಬೈಗುಳ. ‘ಮನೆಕೆಲಸ ಮಾಡ್ತಾಳಲ್ಲ ಸಿಸ್ಟರ್’ ಅಂತೀರಿ. ನೀರು ಹೊರುವುದು ಸರಿ, ಅದು ಮೈಗೆ ಕೆಲಸವೇ. ಕೂತು ತರಕಾರಿ ಹೆಚ್ಚುವುದು, ಪಾತ್ರೆ ಬೆಳಗುವುದು ಆಟಕ್ಕೆ ಸಮ ಅಲ್ಲ. ಇನ್ನು ಹತ್ತನೇ ಕ್ಲಾಸಿಗೆ ಬಂದರೆ ಪಿ.ಟಿ. ಪೀರಿಯಡ್ಡು ಗಣಿತದವರ ಪಾಲು. ಎಸ್.ಡಿ.ಎಂ.ಸಿ. ಸಭೆಗೆ ನಿಮ್ಮಲ್ಲಿ ಹಲವರು ಹೋಗುತ್ತೀರಿ. ಕಟ್ಟಡ, ಶೌಚಾಲಯದ ಬಗ್ಗೆ ಕೇಳುವ ಹಾಗೆ ಇದನ್ನೂ ಕೇಳಿ. ಮೊಬೈಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನೀವು ದಿನಾ ಬೈಯುತ್ತಲೇ ಇದ್ದೀರಿ. ರಾತ್ರಿ ಅದನ್ನು ನಿಮ್ಮ ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಿ, ಮಕ್ಕಳು ಎಂಟು ಗಂಟೆ ನಿದ್ದೆ ಮಾಡಲಿ.

ಊಟದ ವಿಷಯದಲ್ಲಿ ನಮಗೆ ಒಂದು ವಿಚಿತ್ರವಾದ ನಾಚಿಕೆ ಬಂದಿದೆ. ಮುದ್ದೆ, ಹುರುಳಿಕಾಳಿನ ಸಾರು, ಸೊಪ್ಪು ಬಡವರ ಊಟ. ಮಗನ ಡಬ್ಬಿಗೆ ನೂಡಲ್ಸ್ ಹಾಕಿದರೆ ನಾವೂ ಮುಂದೆ ಬಂದ ಹಾಗೆ. ಹಣ ಕೊಟ್ಟು ಏನು ತರುತ್ತಿದ್ದೇವೆ ನೋಡಿ. ದಿನಕ್ಕೆ ದೊಡ್ಡವರಿಗೇ ಐದು ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪು ಸಾಕು. ನೂಡಲ್ಸಿನ ಒಂದು ಪ್ಯಾಕೆಟ್ಟಿನಲ್ಲೇ ಅದರ ಅರ್ಧದಷ್ಟು ಇರುತ್ತದೆ. ಕಾಲು ಲೀಟರ್ ಕೋಲಾದಲ್ಲಿ ಐದಾರು ಚಮಚ ಸಕ್ಕರೆ. ಮನೆಯಲ್ಲಿ ಯಾರಾದರೂ ಒಂದು ಲೋಟ ಕಾಫಿಗೆ ಆರು ಚಮಚ ಸಕ್ಕರೆ ಹಾಕಿದರೆ ಸುಮ್ಮನಿರುತ್ತೀರಾ? ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿರುತ್ತಾರೆ. ನಿಮ್ಮ ಮಕ್ಕಳು ಓದಬಲ್ಲರು, ಅವರಿಂದಲೇ ಓದಿಸಿ.

ಈಗ ಸ್ವಲ್ಪ ಕಷ್ಟದ ವಿಷಯಕ್ಕೆ ಬರುತ್ತೇನೆ. ಸಿಟ್ಟು ಮಾಡಿಕೊಳ್ಳಬೇಡಿ.

2019ರಲ್ಲಿ ದೇಶದ ಶಾಲೆಗಳಲ್ಲಿ 13ರಿಂದ 15 ವರ್ಷದ ಮಕ್ಕಳನ್ನು ತಂಬಾಕಿನ ಬಗ್ಗೆ ಕೇಳಿದರು. ನೂರಕ್ಕೆ ಎಂಟೂವರೆ ಮಕ್ಕಳು ಬಳಸುತ್ತಿದ್ದರು, ಅದರಲ್ಲಿ ಹುಡುಗಿಯರೂ ಇದ್ದರು. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎಂದು 2003ರಲ್ಲೇ ಕಾನೂನು ಬಂದಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಅಂತ ಎರಡಾಗಿ ಬಂತು, ಹುಡುಗರು ಅಂಗೈಯಲ್ಲಿ ಸೇರಿಸಿಕೊಳ್ಳುತ್ತಾರೆ. 2025ರಿಂದ ನಮ್ಮ ರಾಜ್ಯದಲ್ಲಿ 21 ವರ್ಷ ಆಗದವರಿಗೆ ಬೀಡಿ, ಸಿಗರೇಟು, ತಂಬಾಕು ಮಾರುವುದೇ ಅಪರಾಧ. ಆದರೆ ‘ಒಂದು ಕಟ್ಟು ಬೀಡಿ ತಗೊಂಡು ಬಾರೋ’ ಅಂತ ಅಪ್ಪನೇ ಮಗನನ್ನು ಕಳಿಸುತ್ತಾನೆ. ಆ ಬೀಡಿ ಕೊಡುವ ಗೂಡಂಗಡಿ ಯಾರದು? ಹಲವು ಕಡೆ ನಮ್ಮದೇ ಸದಸ್ಯೆಯದು. ಸಂಘದಿಂದ ಸಾಲ ಪಡೆದು, ಶಾಲೆಯ ಗೇಟಿನ ಎದುರು ವ್ಯಾಪಾರ ಚೆನ್ನಾಗಿ ಆಗುತ್ತೆ ಅಂತ ಇಟ್ಟ ಅಂಗಡಿ. ನಾವೇ ಠರಾವು ಮಾಡಿ ಸಾಲ ಮಂಜೂರು ಮಾಡಿದ್ದೇವೆ.

ಆ ಅಕ್ಕನನ್ನು ಬೈಯುವುದು ಸುಲಭ. ಅವರ ಮಾತನ್ನೂ ಕೇಳಬೇಕು. ‘ಬಾಳೆಹಣ್ಣು ಇಟ್ರೆ ನಾಳೆಗೆ ಕಪ್ಪಾಗುತ್ತೆ ಸಿಸ್ಟರ್, ಚಿಪ್ಸ್ ಪ್ಯಾಕೆಟ್ಟು ತಿಂಗಳುಗಟ್ಟಲೆ ಹಾಗೇ ನೇತಾಡುತ್ತೆ. ಕಂತು ಕಟ್ಟೋದು ಯಾರು?’ ಅಂತಾರೆ. ಇದಕ್ಕೆ ಉತ್ತರ ಕೊಡದೆ ಆರೋಗ್ಯದ ಭಾಷಣ ಮಾಡಿ ಪ್ರಯೋಜನವಿಲ್ಲ. ಶಾಲೆಯಿಂದ 50 ಮೀಟರ್ ಒಳಗೆ ಉಪ್ಪು, ಸಕ್ಕರೆ, ಕೊಬ್ಬು ಅತಿಯಾಗಿರುವ ತಿಂಡಿ ಮಾರಬಾರದು ಅಂತ 2020ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೂ ಬಂದಿದೆ. ನಾಳೆ ಅಧಿಕಾರಿಗಳು ಬಂದು ನಿಲ್ಲಿಸಿದರೆ ಸಾಲ ಮುಳುಗುವುದು ನಮ್ಮದೇ. ಅದಕ್ಕಿಂತ ಮೊದಲು ನಾವೇ ದಾರಿ ಹುಡುಕೋಣ. ಬೇಯಿಸಿದ ಕಡಲೆಕಾಯಿ, ಹುರಿಗಡಲೆ, ಚಿಕ್ಕಿ, ಸೀಬೆಹಣ್ಣು, ಮಜ್ಜಿಗೆ, ಕಾಳಿನ ಉಸಲಿ. ಇದರಲ್ಲಿ ಹುರಿಗಡಲೆ, ಚಿಕ್ಕಿ ಬೇಗ ಕೆಡುವುದಿಲ್ಲ. ಸಂಜೆ ನಾಲ್ಕೂವರೆಗೆ ಹಸಿದು ಬರುವ ಮಗು ಬಿಸಿಯಾಗಿ, ಕಮ್ಮಗೆ ವಾಸನೆ ಬರುವುದನ್ನು ಬಿಟ್ಟು ಹೋಗುವುದಿಲ್ಲ.

ನನ್ನ ಸಲಹೆ ಇಷ್ಟು. ಶಾಲೆ ಹತ್ತಿರ ಅಂಗಡಿ ಇರುವ ಸದಸ್ಯೆಯರು ತಂಬಾಕು ಪೂರ್ತಿ ಬಿಟ್ಟು, ಇಂಥ ತಿಂಡಿ ಇಡಲು ಒಪ್ಪಿದರೆ ಆರು ತಿಂಗಳು ಅವರ ಸಾಲದ ಬಡ್ಡಿಯನ್ನು ಮಹಾಸಂಘ ಅರ್ಧ ಮಾಡಲಿ. ಹೊಸದಾಗಿ ಅಂಗಡಿ ಸಾಲ ಕೇಳುವವರಿಗೆ ಜಾಗ ಎಲ್ಲಿ, ಏನು ಮಾರುತ್ತೀರಿ ಎಂಬ ಎರಡು ಪ್ರಶ್ನೆ ಅರ್ಜಿಯಲ್ಲೇ ಇರಲಿ. ಬಡ್ಡಿ ಕಡಿಮೆಯಾದರೆ ಮಹಾಸಂಘಕ್ಕೆ ಎಷ್ಟು ಕೊರತೆ ಬೀಳುತ್ತೆ ಅಂತ ಲೆಕ್ಕ ಬರೆಯುವವರು ಈಗಲೇ ಹಾಕಿಟ್ಟಿದ್ದಾರೆ, ಓದಿ ಹೇಳುತ್ತಾರೆ.

ಇನ್ನೊಂದು, ಮೂವತ್ತು ದಾಟಿದ ನೀವೆಲ್ಲ ಉಪಕೇಂದ್ರದಲ್ಲಿ ಬಿ.ಪಿ., ಶುಗರ್ ಉಚಿತವಾಗಿ ನೋಡಿಸಿಕೊಳ್ಳಬಹುದು. ತಾಯಿಗೋ ತಂದೆಗೋ ಶುಗರ್ ಇದ್ದರೆ ಮಕ್ಕಳ ಮೇಲೆ ಹೆಚ್ಚು ಕಣ್ಣಿಡಬೇಕು. ಹದಿಹರೆಯದವರಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸ್ನೇಹ ಕ್ಲಿನಿಕ್’ ಮಾಡಿದ್ದಾರೆ. ನಿಮ್ಮ ಹತ್ತಿರದ್ದು ಎಲ್ಲಿ, ಯಾವ ದಿನ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಚಹಾ ಬರುತ್ತಿದೆ. ಕುಡಿಯುತ್ತಾ ಅಂಗಡಿ ಸಾಲದ ವಿಷಯವನ್ನೇ ಮೊದಲು ಚರ್ಚೆಗೆ ತಗೊಳ್ಳೋಣ. ಶಾಲೆಯ ಹತ್ತಿರ ಅಂಗಡಿ ಇರುವವರು ಮೊದಲು ಮಾತಾಡಲಿ, ಉಳಿದವರು ಅವರ ಮಾತು ಮುಗಿಯುವವರೆಗೆ ಕೇಳೋಣ.