ತಲೆಗೆ ಪೆಟ್ಟು ಬಿದ್ದ ಮೇಲೆ ಕಣ್ಣು ಕೆಂಪಾದರೆ
(ಸಿ.ಎಸ್. ಪುರದಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿ)



ಉಳಿತಾಯ ಕಟ್ಟಿದ್ದಾಯ್ತು, ಸಾಲದ ಪುಸ್ತಕ ಬರೆದದ್ದಾಯ್ತು. ಇನ್ನು ಸ್ವಲ್ಪ ಹೊತ್ತು ಆರೋಗ್ಯದ ಮಾತು. ಬಿ.ಪಿ., ಶುಗರ್, ರಕ್ತಹೀನತೆ ಬಗ್ಗೆ ನಾವು ಬಹಳ ಸಲ ಮಾತಾಡಿದ್ದೇವೆ. ಇವತ್ತು ಹೇಳುವುದು ನಿಮ್ಮಲ್ಲಿ ಹೆಚ್ಚಿನವರು ಕೇಳಿರದ ತೊಂದರೆ. ಇದು ಅಪರೂಪ. ಅಪರೂಪ ಆದ್ದರಿಂದಲೇ ಬೇಗ ಗುರುತು ಸಿಗುವುದಿಲ್ಲ, ತಡವಾದರೆ ಕಣ್ಣಿನ ದೃಷ್ಟಿಯೇ ಹೋಗಬಹುದು. ಸಕಾಲಕ್ಕೆ ಹೋದರೆ ತಲೆಬುರುಡೆ ತೆರೆಯದೆ ಸರಿಪಡಿಸಬಹುದು.

ಹೀಗೊಂದು ಮನೆ ಅಂದುಕೊಳ್ಳಿ. ಗಂಡನ ಮೊಪೆಡ್ ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತಿದ್ದ ಹೆಂಗಸು, ಗುಂಡಿ ಹಾರಿದಾಗ ಕೆಳಗೆ ಬಿದ್ದಳು. ತಲೆಗೆ ಪೆಟ್ಟು. ಆಸ್ಪತ್ರೆಗೆ ಹೋದರು, ಹೊಲಿಗೆ ಹಾಕಿದರು, ಸ್ಕ್ಯಾನ್ ಆಯ್ತು, ಮನೆಗೆ ಕಳಿಸಿದರು. ಎರಡು ವಾರ ಕಳೀತು. ಒಂದು ಕಣ್ಣು ಕೆಂಪಾಯಿತು. ಅಕ್ಕಪಕ್ಕದವರು "ಮದ್ರಾಸ್ ಐ ಕಣಮ್ಮ" ಅಂದರು. ಅಂಗಡಿಯಿಂದ ಡ್ರಾಪ್ಸ್ ತಂದು ಬಿಟ್ಟರು, ಕಡಿಮೆ ಆಗಲಿಲ್ಲ. ಕಣ್ಣು ದಪ್ಪಗಾಗಿ ಮುಂದಕ್ಕೆ ಬಂತು. ರಾತ್ರಿ ಮಲಗಿದರೆ ತಲೆಯೊಳಗೆ "ಬುಸ್ ಬುಸ್" ಅಂತ ಸದ್ದು. ಅವಳು ಹೇಳಿದರೆ ಮನೆಯವರಿಗೆ ಕೇಳಿಸುವುದಿಲ್ಲ. ಅತ್ತೆ ದೃಷ್ಟಿ ತೆಗೆದರು, ಇನ್ಯಾರೋ ಗಾಳಿ ಸೋಕಿದೆ ಅಂದರು.

ಆ ಸದ್ದು ಅವಳ ಭ್ರಮೆಯಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರೆ ಎಷ್ಟೋ ಸಲ ಅವರಿಗೂ ಕೇಳಿಸುತ್ತೆ. ಅದು ರಕ್ತ ನುಗ್ಗುವ ಸದ್ದು.

ಈಗ ಎಲ್ಲರೂ ಕೊರಳಿನ ಪಕ್ಕದಲ್ಲಿ ಮೆಲ್ಲಗೆ ಎರಡು ಬೆರಳಿಡಿ. ಮಿಡಿಯುತ್ತಾ ಇದೆಯಲ್ಲ, ಅದು ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ, ಕೆರೋಟಿಡ್ ಅಂತಾರೆ. ಆ ನಾಳ ತಲೆಯೊಳಗೆ ಹೋದ ಮೇಲೆ, ಕಣ್ಣಿನ ಹಿಂದೆ, ಕೆಟ್ಟ ರಕ್ತ ಸೇರುವ ಒಂದು ತೊಟ್ಟಿಯ ನಡುವೆಯೇ ಹಾದು ಹೋಗುತ್ತೆ. ಕಣ್ಣಿನಿಂದ ವಾಪಸು ಬರುವ ರಕ್ತವೂ ಅದೇ ತೊಟ್ಟಿಗೆ ಬೀಳುತ್ತೆ. ನಿಮ್ಮ ತೋಟದಲ್ಲಿ ಬೋರ್‌ವೆಲ್ ಪೈಪು ಕಾಲುವೆಯೊಳಗೇ ಹಾದು ಹೋಗಿದೆ ಅಂದುಕೊಳ್ಳಿ. ಪೈಪಿನ ನೀರು ರಭಸದ್ದು, ಕಾಲುವೆಯದ್ದು ನಿಧಾನ. ಪೈಪು ಸೀಳಿದರೆ ಏನಾಗುತ್ತೆ? ಕಾಲುವೆ ತುಂಬಿ, ಅದಕ್ಕೆ ಬಂದು ಸೇರುವ ಸಣ್ಣ ಸಣ್ಣ ಕಾಲುವೆಗಳಲ್ಲಿ ನೀರು ಹಿಂದಕ್ಕೆ ನುಗ್ಗುತ್ತೆ. ತಲೆಗೆ ಜೋರು ಪೆಟ್ಟು ಬಿದ್ದು, ಬುರುಡೆಯ ತಳದ ಮೂಳೆ ಬಿರುಕು ಬಿಟ್ಟಾಗ ಆ ನಾಳ ಹೀಗೆ ಸೀಳಬಹುದು. ರಕ್ತ ಹಿಮ್ಮುಖವಾಗಿ ಕಣ್ಣಿಗೆ ನುಗ್ಗಿ ಕಣ್ಣು ಊದುತ್ತೆ. ಕಣ್ಣಾಡಿಸುವ ನರಗಳೂ ಅದೇ ಜಾಗದಲ್ಲಿ ಇರುವುದರಿಂದ ಒಂದು ವಸ್ತು ಎರಡಾಗಿ ಕಾಣುತ್ತೆ. ಇದಕ್ಕೆ ಡಾಕ್ಟರು ಬರೆಯುವ ಹೆಸರು ಕೆರೋಟಿಡ್ ಕ್ಯಾವರ್ನಸ್ ಫಿಸ್ಟುಲಾ, ಚೀಟಿಯಲ್ಲಿ ಸಿ.ಸಿ.ಎಫ್. ಹೆಸರು ನೆನಪಿಡದಿದ್ದರೂ ಪರವಾಗಿಲ್ಲ.

ಗುರುತು ನೆನಪಿಡಿ. ಮದ್ರಾಸ್ ಐ ಆದರೆ ಪಿಸುರು ಬರುತ್ತೆ, ಉರಿ, ತುರಿಕೆ ಇರುತ್ತೆ, ಮನೆಯಲ್ಲಿ ಇನ್ನೊಬ್ಬರಿಗೂ ಹಬ್ಬುತ್ತೆ, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಹೋಗುತ್ತೆ. ಇದು ಹಾಗಲ್ಲ. ಪಿಸುರಿಲ್ಲದೆ ಕಣ್ಣಿನ ಬಿಳಿಯಲ್ಲಿ ಕೆಂಪು ನಾಳಗಳು ಬಳ್ಳಿಯ ಹಾಗೆ ಸುತ್ತಿಕೊಂಡಿರುತ್ತವೆ, ರೆಪ್ಪೆ ಊದುತ್ತೆ, ಕಣ್ಣುಗುಡ್ಡೆ ಮುಂದೆ ಬರುತ್ತೆ, ಕೆಲವರಲ್ಲಿ ನಾಡಿ ಬಡಿದ ಹಾಗೆ ಮಿಡಿಯುತ್ತೆ. ಪೆಟ್ಟು ಬಿದ್ದ ದಿನವೇ ಶುರುವಾಗಬಹುದು, ದಿನಗಟ್ಟಲೆ, ವಾರಗಟ್ಟಲೆ ಬಿಟ್ಟೂ ಆಗಬಹುದು. ಮೊದಲ ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಂದಿದ್ದರೂ ಆಗಬಹುದು. ಆದ್ದರಿಂದ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅವರು ಕೇಳದಿದ್ದರೂ "ನನಗೆ ತಲೆಗೆ ಪೆಟ್ಟು ಬಿದ್ದಿತ್ತು, ತಲೆಯೊಳಗೆ ಸದ್ದು ಕೇಳುತ್ತೆ" ಅಂತ ನೀವೇ ಹೇಳಬೇಕು. ಆ ಒಂದು ಮಾತು ಹೇಳದೆ ಹೋದರೆ ಬರೀ ಡ್ರಾಪ್ಸ್‌ನಲ್ಲೇ ತಿಂಗಳು ಕಳೆದುಹೋಗಬಹುದು.

ಚಿಕಿತ್ಸೆ ಹೇಗೆ? 1809ರಲ್ಲಿ ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಎಂಬ ಸರ್ಜನ್ ಹೀಗೆ ಮಿಡಿಯುತ್ತಿದ್ದ ಕಣ್ಣಿಗೆ ಕೊರಳಿನ ನಾಳವನ್ನೇ ದಾರದಲ್ಲಿ ಕಟ್ಟಿದರು. ಪೈಪು ಸೋರಿದ್ದಕ್ಕೆ ಮೇನ್ ವಾಲ್ವೇ ಮುಚ್ಚಿದ ಹಾಗೆ! ಮಿದುಳಿಗೆ ರಕ್ತ ಕಡಿಮೆಯಾಗುವ ಅಪಾಯ ಇದ್ದೇ ಇತ್ತು. ಆಮೇಲೆ ಮಾಸ್ಕೋದ ಡಾಕ್ಟರ್ ಸೆರ್ಬಿನೆಂಕೊ ಹೊಸ ದಾರಿ ಕಂಡುಹಿಡಿದರು. ಮೇ ದಿನದ ಹಬ್ಬದಲ್ಲಿ ಮಕ್ಕಳು ದಾರ ಕಟ್ಟಿದ ಬಲೂನು ಆಡಿಸುವುದನ್ನು ನೋಡಿ ಅವರಿಗೆ ಆ ಯೋಚನೆ ಹೊಳೆಯಿತಂತೆ. ರಕ್ತನಾಳದೊಳಗೆ ಸಣ್ಣ ಬಲೂನು ಕಳಿಸಿ, ಸೀಳಿದ ಜಾಗದಲ್ಲಿ ಉಬ್ಬಿಸಿ, ಅಲ್ಲೇ ಬಿಟ್ಟು ಬರುವುದು. 1974ರಲ್ಲಿ ಅವರು ಅದನ್ನು ಬರೆದು ಲೋಕಕ್ಕೆ ತಿಳಿಸಿದರು.

ಈಗಲೂ ದಾರಿ ಅದೇ. ತೊಡೆಯ ಸಂದಿನಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ತೆಳ್ಳನೆಯ ನಳಿಕೆಯನ್ನು ಕೊರಳಿನವರೆಗೆ, ಅಲ್ಲಿಂದ ತಲೆಯೊಳಗೆ ಎಕ್ಸ್-ರೇ ಪರದೆಯಲ್ಲಿ ನೋಡುತ್ತಾ ಒಯ್ಯುತ್ತಾರೆ. ಮೊದಲು ಬಣ್ಣದ ಔಷಧಿ ಬಿಟ್ಟು ಸೋರುವ ಜಾಗ ಪತ್ತೆ ಮಾಡುತ್ತಾರೆ, ಇದೇ ಆಂಜಿಯೋಗ್ರಾಂ. ಆಮೇಲೆ ಬಲೂನು, ಅಥವಾ ಕೂದಲಿನಂಥ ಪ್ಲಾಟಿನಂ ತಂತಿಯ ಸುರುಳಿ, ಕೆಲವೊಮ್ಮೆ ಅಂಟಿನಂಥ ದ್ರವ ತುಂಬಿ ತೂತು ಮುಚ್ಚುತ್ತಾರೆ. ತಲೆ ಕೊರೆಯುವುದಿಲ್ಲ. ತೂತು ಪೂರ್ತಿ ಮುಚ್ಚಿದರೆ ತಲೆಯೊಳಗಿನ ಸದ್ದು ಸಾಮಾನ್ಯವಾಗಿ ಆಗಲೇ ನಿಲ್ಲುತ್ತೆ. ಕೆಂಪು, ಊತ ಇಳಿಯಲು ದಿನಗಳು, ವಾರಗಳು ಹಿಡಿಯುತ್ತೆ. ಎರಡೆರಡಾಗಿ ಕಾಣುವುದು ಹೋಗಲು ತಿಂಗಳುಗಳೇ ಬೇಕಾಗಬಹುದು. ಹೋದ ದೃಷ್ಟಿ ಮಾತ್ರ ಎಲ್ಲರಿಗೂ ವಾಪಸು ಬರುವುದಿಲ್ಲ. ಬೇಗ ಹೋಗಿ ಅಂತ ನಾವು ಒತ್ತಿ ಹೇಳುವುದು ಅದಕ್ಕೇ. ಅಪಾಯವೇ ಇಲ್ಲ ಅಂತಲೂ ನಾವು ಹೇಳುವುದಿಲ್ಲ. ಕೆಲವರಿಗೆ ಪಾರ್ಶ್ವವಾಯು ಆಗಬಹುದು, ಎರಡನೇ ಸಲ ಮಾಡಬೇಕಾಗಬಹುದು. ಸಹಿ ಹಾಕುವ ಮುಂಚೆ ಕೇಳಿ ತಿಳಿದುಕೊಳ್ಳಿ.

ಎಲ್ಲಿ ಹೋಗಬೇಕು? ನಮ್ಮ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಹೊಸೂರು ರಸ್ತೆ, ಡೈರಿ ಸರ್ಕಲ್ ಹತ್ತಿರ. ಇಲ್ಲೇ ಒಂದು ತೊಡಕು. ನಿಮ್ಹಾನ್ಸ್ ಅಂದ ಕೂಡಲೇ ನಮ್ಮ ಹಳ್ಳಿಗಳಲ್ಲಿ "ಹುಚ್ಚಾಸ್ಪತ್ರೆಗಾ?" ಅಂತಾರೆ. ಹೆಣ್ಣುಮಗಳನ್ನು ಅಲ್ಲಿಗೆ ಕರಕೊಂಡು ಹೋದರೆ ನಾಳೆ ಜನ ಏನಂತಾರೋ, ತಂಗಿ ಮದುವೆಗೆ ತೊಡಕಾಗುತ್ತೋ ಅಂತ ಹೆದರುತ್ತಾರೆ. ಹಿಂದೆ ಅಲ್ಲಿ ಮಾನಸಿಕ ಆಸ್ಪತ್ರೆ ಇದ್ದದ್ದು ನಿಜ. 1974ರಲ್ಲಿ ನಿಮ್ಹಾನ್ಸ್ ಆದ ಮೇಲೆ ಮನಸ್ಸಿನ ಕಾಯಿಲೆ, ಮಿದುಳು, ನರ ಎಲ್ಲಕ್ಕೂ ಒಂದೇ ಕಡೆ ಚಿಕಿತ್ಸೆ. ತಲೆ ಪೆಟ್ಟಿನವರಿಗೆ ಅಲ್ಲಿ ಹಗಲೂ ರಾತ್ರಿ ತುರ್ತು ವಿಭಾಗ ತೆರೆದಿರುತ್ತೆ. ಮನಸ್ಸಿನ ಕಾಯಿಲೆಗೆ ಹೋದರೂ ನಾಚಿಕೆಪಡಬೇಕಾದ್ದು ಏನಿದೆ, ಅದನ್ನು ಇನ್ನೊಂದು ದಿನ ಮಾತಾಡೋಣ.

ಖರ್ಚಿನ ಚಿಂತೆ ನಿಮಗೆ ಇದ್ದೇ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ತುರ್ತು ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಕೇಳಿ. ರಸ್ತೆ ಅಪಘಾತಕ್ಕೆ ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಇನ್ನೊಂದು ಯೋಜನೆ ತಂದಿದೆ. ಅಪಘಾತವಾದ ದಿನದಿಂದ 7 ದಿನ, 1.5 ಲಕ್ಷದವರೆಗೆ ನಗದು ಕಟ್ಟದೆ ಚಿಕಿತ್ಸೆ. ಆದರೆ ನಾವು ಹೇಳಿದ ತೊಂದರೆ 7 ದಿನ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಆಗ ಆರೋಗ್ಯ ಕರ್ನಾಟಕವೇ ಗತಿ. ಕಾರ್ಡು ಮಾಡಿಸದವರು ಈ ವಾರವೇ ಮಾಡಿಸಿ. ಹಳೇ ಸ್ಕ್ಯಾನ್ ಫಿಲ್ಮು, ಡಿಸ್ಚಾರ್ಜ್ ಚೀಟಿ ಒಲೆಗೆ ಹಾಕಬೇಡಿ, ಸಾಲದ ಪತ್ರದ ಜೊತೆ ಟ್ರಂಕಿನಲ್ಲಿಡಿ.

2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕ ನಮ್ಮ ಗುಬ್ಬಿ ತಾಲ್ಲೂಕಿನ ಹುಡುಗ ಹರೀಶ್ ನಿಮಗೆ ನೆನಪಿರಬಹುದು. ಸಾಯುವ ಹೊತ್ತಿನಲ್ಲೂ ನನ್ನ ಕಣ್ಣು ದಾನ ಮಾಡಿ ಅಂದವನು. ಅವನ ಹೆಸರಲ್ಲೇ ರಾಜ್ಯ ಸರ್ಕಾರ ಆ ವರ್ಷ ಅಪಘಾತದವರಿಗೆ ಸಾಂತ್ವನ ಯೋಜನೆ ತಂದಿತು. ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸ್ ಕೇಸು ಅಂತ ಈಗಲೂ ಹೆದರುವವರಿದ್ದಾರೆ. ಲೂಕನ ಶುಭಸಂದೇಶದ ಸಮಾರಿಯದವನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವನ ಹೆಸರಲ್ಲೇ ಕಾನೂನಿನಲ್ಲೂ ಒಂದು ಮಾತಿದೆ. 2019ರ ತಿದ್ದುಪಡಿ ಪ್ರಕಾರ ಸಹಾಯ ಮಾಡಿದವರ ಮೇಲೆ ಕೇಸು ಹಾಕುವ ಹಾಗಿಲ್ಲ, ಹೆಸರು ಹೇಳಿ ಅಂತ ಬಲವಂತ ಮಾಡುವ ಹಾಗೂ ಇಲ್ಲ. 108ಕ್ಕೆ ಫೋನ್ ಮಾಡಿ, ಕತ್ತು ಅಲುಗದ ಹಾಗೆ ನೋಡಿಕೊಳ್ಳಿ.

ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ತುರುಬಿದೆ, ಸೆರಗಿದೆ ಅಂತ ನೆಪ ಹೇಳಬೇಡಿ. ತೆಂಗಿನ ಮರ, ಹುಣಸೆ ಮರದಿಂದ ಬಿದ್ದವರಿಗೂ, ಕೊಟ್ಟಿಗೆಯಲ್ಲಿ ಜಾರಿ ಬಿದ್ದವರಿಗೂ ಈ ಮಾತೆಲ್ಲ ಅನ್ವಯಿಸುತ್ತೆ.

ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಈಚೆಗೆ ತಲೆಗೆ ಪೆಟ್ಟು ಬಿದ್ದವರು ಇದ್ದರೆ, ಅವರ ಕಣ್ಣು ಹೇಗಿದೆ, ಸದ್ದು ಕೇಳುತ್ತಾ ಅಂತ ಈ ದಿನವೇ ವಿಚಾರಿಸಿ. ಹಾಗಿದ್ದರೆ ಬರುವ ಸಭೆಯವರೆಗೂ ಕಾಯಬೇಡಿ, ಮೊದಲು ಆಸ್ಪತ್ರೆಗೆ ಹೊರಡಿ. ಬೆಂಗಳೂರಿಗೆ ಜೊತೆಗೆ ಬರುವವರಿಲ್ಲ ಅಂದರೆ ನಮ್ಮ ಕಾರ್ಯಕರ್ತೆಗೆ ಹೇಳಿ.