ಮನೆಯ ಹಕ್ಕು ತಪ್ಪುವ ಬಗೆ



ಕಿತ್ತೂರಿನ ಕೋಟೆಯೊಳಗೆ ಅಡ್ಡಾಡಿದವರು ಅಲ್ಲಿಯ ಅರಮನೆಯ ಮುರಿದ ಗೋಡೆಗಳನ್ನು ಕಂಡಿರುತ್ತಾರೆ. ಆ ಮನೆಯು ಒಡೆಯರ ಕೈತಪ್ಪಿದ್ದು ಫಿರಂಗಿಯಿಂದ ಎಂದು ನಾವು ತಿಳಿಯುವುದು ವಾಡಿಕೆ. ಆದರೆ ಫಿರಂಗಿ ಬಂದುದು ಆಮೇಲೆ. ಮೊದಲು ಬಂದುದು ಕಾಯಿದೆಯ ಮಾತು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜನು ಸ್ವಂತ ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಹುಡುಗನನ್ನು ದತ್ತಕ ತೆಗೆದುಕೊಂಡುದಾಗಿ ಸಂಸ್ಥಾನದವರು ಅರಿಕೆ ಮಾಡಿದರು. ಧಾರವಾಡದ ಕಲೆಕ್ಟರ ಥ್ಯಾಕರೆಯು ಅದನ್ನು ಒಪ್ಪದೆ, ಭಂಡಾರಕ್ಕೆ ಮುದ್ರೆಯೊತ್ತಿಸಿ ಕಾವಲಿಟ್ಟನು. ದತ್ತಕವಿಲ್ಲವೆಂದ ಮೇಲೆ ವಾರಸುದಾರನಿಲ್ಲ. ವಾರಸುದಾರನಿಲ್ಲದ ಮನೆ ಸರಕಾರದ್ದು. ತರ್ಕವು ಸರಿಯಾಗಿಯೇ ಇದೆ. ಅನ್ಯಾಯವೆಲ್ಲ ಅದರ ಮೊದಲ ಮಾತಿನಲ್ಲಿದೆ. ಚೆನ್ನಮ್ಮರಾಣಿಯವರು ಆ ಮೊದಲ ಮಾತನ್ನೇ ಒಪ್ಪಲಿಲ್ಲ. ಅಕ್ಟೋಬರ 23ರಂದು ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. 1829ರಲ್ಲಿ ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ದೇಹ ಬಿಟ್ಟರು.

ರಾಣಿಯವರು ಹೋರಾಡಿ ಕಳೆದುಕೊಂಡರು. ನಾವಾದರೋ ಸುಮ್ಮನಿದ್ದು ಕಳೆದುಕೊಳ್ಳುತ್ತೇವೆ.

ಅದೇ ಬೈಲಹೊಂಗಲದಲ್ಲಿ ಹಿರಿಯರ ಮನೆಯೊಂದಿದೆಯೆಂದು ಭಾವಿಸೋಣ. ಒಡೆಯನು ನೌಕರಿಗಾಗಿ ಪರಸ್ಥಳದಲ್ಲಿದ್ದಾನೆ. ಯಾರೋ ಒಬ್ಬರು ಬೀಗ ಒಡೆದು ಒಳಹೊಕ್ಕು, ‘ಇದು ನಮ್ಮದು’ ಎಂದು ಊರಿಗೆಲ್ಲ ತಿಳಿಯುವಂತೆ ಎಡೆಬಿಡದೆ ವಾಸಿಸುತ್ತಾರೆ. ಹೀಗೆ ಹನ್ನೆರಡು ವರ್ಷ ಕಳೆದು ಒಡೆಯನು ದಾವೆ ಹೂಡದೆ ಹೋದರೆ, 1963ರ ವಾಯಿದೆ ಕಾಯಿದೆಯ ಮೇರೆಗೆ ಅವನ ಹಕ್ಕೇ ಅಳಿಯುತ್ತದೆ. ಸಾಲದ ಮಾತು ಬೇರೆ: ಅಲ್ಲಿ ವಾಯಿದೆ ಮೀರಿದರೆ ಕೋರ್ಟಿನ ಬಾಗಿಲು ಮುಚ್ಚುವುದೇ ಹೊರತು ಸಾಲವು ಸಾಯುವುದಿಲ್ಲ. ಮನೆಯ ವಿಷಯದಲ್ಲಿ ಹಕ್ಕು ತಾನೇ ಸಾಯುತ್ತದೆ. ಕಾಲವನ್ನು ಮರೆತು ಮಲಗಿದವನನ್ನು ಕಾಯಿದೆಯು ಎಬ್ಬಿಸುವುದಿಲ್ಲ.

ಆದರೆ ಅಂಜಬೇಕಾದುದಕ್ಕಿಂತ ಹೆಚ್ಚಾಗಿ ಅಂಜುವುದೂ ಬೇಡ. ಬಾಡಿಗೆಗಿದ್ದವನು, ನಮ್ಮ ಅನುಮತಿಯಿಂದ ಮನೆ ಕಾಯುತ್ತಿದ್ದವನು, ಎಷ್ಟು ವರ್ಷ ಇದ್ದರೂ ಅಷ್ಟರಿಂದಲೇ ಒಡೆಯನಾಗಲಾರನು. ಅಣ್ಣನೊಬ್ಬನೇ ಮನೆಯಲ್ಲಿದ್ದ ಮಾತ್ರಕ್ಕೆ ತಮ್ಮನ ಪಾಲು ಹೋಗದು. ‘ನಿನಗಿಲ್ಲಿ ಹಕ್ಕಿಲ್ಲ’ ಎಂದು ಅಣ್ಣನು ಬಹಿರಂಗವಾಗಿ ಹೊರಗೆ ಹಾಕಿದಂದಿನಿಂದ ವಾಯಿದೆಯ ಲೆಕ್ಕ. ಉತಾರದಲ್ಲಿ ಯಾರದೋ ಹೆಸರು ಏರಿದರೂ ಆ ಹೆಸರೊಂದೇ ಒಡೆತನವನ್ನು ಕೊಡಲಾರದು.

ಇನ್ನು ಹೆಣ್ಣುಮಕ್ಕಳ ಮಾತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಮಗಳಿಗೆ ತಂದೆಯ ಆಸ್ತಿಯಲ್ಲಿ ಪಾಲು ಕೊಟ್ಟರೂ, ಕುಟುಂಬವು ವಾಸಿಸುವ ಮನೆಯನ್ನು ಗಂಡು ವಾರಸುದಾರರು ತಾವಾಗಿ ಹಂಚಿಕೊಳ್ಳುವವರೆಗೆ ಅವಳು ಪಾಲು ಕೇಳುವಂತಿರಲಿಲ್ಲ. ಆ ಕಟ್ಟನ್ನು 2005ರಲ್ಲಿ ತೆಗೆದುಹಾಕಲಾಯಿತು. ಪಿತ್ರಾರ್ಜಿತದಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಬಂದುದು, ತಂದೆಯು 2005ರಲ್ಲಿ ಬದುಕಿರಬೇಕೆಂಬ ನಿಯಮವಿಲ್ಲ, ಎಂದು ಸುಪ್ರೀಂ ಕೋರ್ಟು 2020ರಲ್ಲಿ ನಿರ್ಣಯಿಸಿತು. ಇಷ್ಟೆಲ್ಲ ಆದ ಮೇಲೆ ಹಕ್ಕು ಹೋಗುವ ದಾರಿ ಯಾವುದು? ಪಂಚಮಿಗೆ ತವರಿಗೆ ಬಂದ ತಂಗಿಗೆ ಅಣ್ಣನು, ‘ಇಲ್ಲೊಂದು ಸಹಿ ಹಾಕವ್ವಾ’ ಎನ್ನುತ್ತಾನೆ. ಅದು ಹಕ್ಕುಬಿಡುಗಡೆಯ ಪತ್ರ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ಓದದೆಯೇ ಸಹಿ ಹಾಕುತ್ತಾಳೆ. ಪತ್ರವು ನೋಂದಣಿಯಾದ ಮೇಲೆ, ಮೋಸವಾಯಿತೆಂದು ಸಾಧಿಸುವ ಭಾರ ಅವಳ ತಲೆಯ ಮೇಲೆಯೇ.

ತಿಳಿದು, ಪ್ರೀತಿಯಿಂದ ಪಾಲು ಬಿಟ್ಟುಕೊಡುವವಳನ್ನು ಯಾರೂ ತಡೆಯಬೇಕಾಗಿಲ್ಲ. ಕೊಡುವುದೂ ಹಕ್ಕಿನ ಒಂದು ಭಾಗವೇ. ಆದರೆ ತನ್ನಲ್ಲಿ ಏನಿದೆಯೆಂದು ಅರಿಯದವಳು ಕೊಟ್ಟುದನ್ನು ದಾನವೆನ್ನುವುದು ಹೇಗೆ? ಆದುದರಿಂದ ಪತ್ರವನ್ನು ಓದಿಸಿ ಕೇಳಬೇಕು. ಒಂದು ದಿನ ತಡೆದು, ಸಂಬಂಧವಿಲ್ಲದ ವಕೀಲರೊಬ್ಬರಿಗೆ ತೋರಿಸಬೇಕು. ದೂರದಲ್ಲಿರುವವರು ವರ್ಷಕ್ಕೊಮ್ಮೆಯಾದರೂ ಊರಿನ ಮನೆಯ ಬಾಗಿಲು ತೆರೆದು ನೋಡಬೇಕು. ‘ಮೊದಲು ಓದುತ್ತೇನೆ, ಅಣ್ಣಾ’ ಎಂಬ ತಂಗಿಯ ಒಂದು ಮಾತಿನಿಂದ ಮುರಿಯುವಷ್ಟು ನಮ್ಮ ತವರುಗಳು ಬಡವಾಗಿಲ್ಲವೆಂದು ನಾವು ನಂಬುತ್ತೇವೆ.